ಕರಗುವ ಕೆಂಪು ತಟ್ಟೆ: ಪುಟ್ಟ ಮಕ್ಕಳ ಮೊಬೈಲ್ ಹೊತ್ತಿಗೊಂದು ಗಡಿಯಾರ

ನಮ್ಮ ಹಾಲ್‌ನಲ್ಲಿ ಪುಸ್ತಕದ ಕಪಾಟಿನ ಮೇಲಿನ ಹಲಗೆಯಲ್ಲಿ, ಮಗುವಿಗೆ ಕುಳಿತಲ್ಲಿಂದಲೇ ಕಾಣುವಂತೆ ಆದರೆ ಅದರ ಕೈಗೆ ಸಿಗದಂತೆ, ಅಂಗೈಗಿಂತ ತುಸು ದೊಡ್ಡದಾದ ಚೌಕಾಕಾರದ ಗಡಿಯಾರವೊಂದು ಇದೆ. ಅದಕ್ಕೆ ಗಂಟೆಯ ಮುಳ್ಳಿಲ್ಲ, ನಿಮಿಷದ ಮುಳ್ಳೂ ಇಲ್ಲ. ಬಿಳಿಯ ಮುಖದ ಸುತ್ತ ಸೊನ್ನೆಯಿಂದ ಮೊದಲಾಗಿ ಐದೈದು ನಿಮಿಷಕ್ಕೊಂದರಂತೆ ಅಂಕಿಗಳಿವೆ. ಅವು ಸಾಮಾನ್ಯ ಗಡಿಯಾರದ ಅಂಕಿಗಳಿಗೆ ಎದುರು ದಿಕ್ಕಿನಲ್ಲಿ ಏರುತ್ತ ಹೋಗುತ್ತವೆ. ನಡುವಿನ ಗುಂಡಿಯನ್ನು ಹಿಡಿದು ಎಡಕ್ಕೆ ತಿರುಗಿಸಿದರೆ ಒಳಗಿನಿಂದ ಕೆಂಪು ತಟ್ಟೆಯೊಂದು ಬೀಸಣಿಗೆ ಬಿಚ್ಚಿದಂತೆ ಹೊರಬರುತ್ತದೆ. 20ರ ಅಂಕಿಯ ತನಕ ತಿರುಗಿಸಿ ಕೈಬಿಟ್ಟರೆ ಮುಖದ ಮೂರನೆಯ ಒಂದು ಭಾಗ ಕೆಂಪಾಗುತ್ತದೆ. ಆಮೇಲೆ ಆ ಕೆಂಪು, ನೋಡುತ್ತ ಕುಳಿತರೆ ಅಲುಗಾಡಿದಂತೆಯೇ ಕಾಣದಷ್ಟು ನಿಧಾನವಾಗಿ, ಆದರೆ ಬೇರೆ ಕೆಲಸ ಮುಗಿಸಿ ಬಂದು ನೋಡಿದರೆ ಸ್ಪಷ್ಟವಾಗಿ ತಿಳಿಯುವಂತೆ, ಕಿರಿದಾಗುತ್ತ ಹೋಗಿ ಸೊನ್ನೆಯಲ್ಲಿ ಪೂರ್ತಿ ಮರೆಯಾಗುತ್ತದೆ. ಇದು ಮಾಡುವುದು ಇಷ್ಟೇ. ಐದು ತಿಂಗಳಿಂದ ಹೆಚ್ಚುಕಡಿಮೆ ದಿನವೂ ಬಳಸುತ್ತಿರುವ ಈ ವಸ್ತುವಿನ ಬಗ್ಗೆ, ಶಾಲೆಗೆ ಇನ್ನೂ ಸೇರದ ಮಗುವಿನ ಕೈಯಿಂದ ಮೊಬೈಲ್ ಬಿಡಿಸುವ ದಾರಿ ಹುಡುಕುತ್ತಿರುವ ತಂದೆ-ತಾಯಂದಿರಿಗೆ ಉಪಯೋಗವಾದೀತೆಂದು, ವಿವರವಾಗಿ ಬರೆಯುತ್ತಿದ್ದೇನೆ.

ಈ ಬಗೆಯ ಗಡಿಯಾರ ಹೊಸದೇನಲ್ಲ. 1990ರ ದಶಕದಲ್ಲಿ ಅಮೆರಿಕದ ಜಾನ್ ರೋಜರ್ಸ್ ಎಂಬ ತಾಯಿ, ‘ಇನ್ನೂ ಎಷ್ಟು ಹೊತ್ತು?’ ಎಂದು ಮತ್ತೆಮತ್ತೆ ಕೇಳುತ್ತಿದ್ದ ತನ್ನ ನಾಲ್ಕು ವರ್ಷದ ಮಗಳಿಗಾಗಿ ಇದನ್ನು ರೂಪಿಸಿದರು. ಅದು ‘ಟೈಮ್ ಟೈಮರ್’ ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂದು, ಕಾಲಕ್ರಮೇಣ ತರಗತಿಗಳಿಗೂ ವಿಶೇಷ ಶಿಕ್ಷಣದ ಕೋಣೆಗಳಿಗೂ ತಲುಪಿತು. ಇಂದು ಅದೇ ತತ್ತ್ವದ ಮೇಲೆ ಬೇರೆ ಬೇರೆ ತಯಾರಕರು ಮಾಡಿದ ಗಡಿಯಾರಗಳು ಸಿಗುತ್ತವೆ. ನಮ್ಮ ಮನೆಯಲ್ಲಿರುವುದು ಮೂಲ ಕಂಪನಿಯದಲ್ಲ, ಇನ್ನೊಬ್ಬ ತಯಾರಕರದು; ಆದ್ದರಿಂದ ಮುಂದೆ ನಾನು ಹೇಳುವ ಕುಂದುಕೊರತೆಗಳು ನಮ್ಮಲ್ಲಿರುವ ಈ ಒಂದು ಗಡಿಯಾರಕ್ಕೆ ಮಾತ್ರ ಸೇರಿದವು.

ಇದನ್ನು ತರುವ ಮೊದಲು ನಾವು ಬೀಗದ ದಾರಿಯನ್ನು ಹಿಡಿದಿದ್ದೆವು. ಮಗಳಿಗೆ ಮೂರು ತುಂಬಿ ಕೆಲವು ತಿಂಗಳಾಗಿತ್ತು. ನಾನು ಮನೆಯಿಂದಲೇ ಕೆಲಸ ಮಾಡುವ ಸಂಜೆಗಳಲ್ಲಿ ಅರ್ಧ ಗಂಟೆಗೆಂದು ಕೊಟ್ಟ ಮೊಬೈಲ್ ಒಂದೂವರೆ ಗಂಟೆಯಾದರೂ ಅವಳ ಕೈಯಲ್ಲೇ ಇರುತ್ತಿತ್ತು. ಹೀಗಾಗಬಾರದೆಂದು ನಿಗದಿತ ಹೊತ್ತು ಮುಗಿದೊಡನೆ ಪರದೆಯನ್ನು ಮುಚ್ಚಿಬಿಡುವ ಆ್ಯಪ್ ಒಂದನ್ನು ಹಣ ಕೊಟ್ಟು ಹಾಕಿಸಿಕೊಂಡೆವು. ಕೆಲಸವನ್ನೇನೋ ಅದು ಚಾಚೂ ತಪ್ಪದೆ ಮಾಡಿತು. 30 ನಿಮಿಷ ಆಗುತ್ತಿದ್ದಂತೆ, ಹಾಡಿನ ನಡುವೆ, ಮೊಲವು ಬಾಯಿ ತೆರೆದಿದ್ದ ಹಾಗೆಯೇ, ಪರದೆ ನೀಲಿಯಾಗಿ ಬೀಗದ ಚಿತ್ರ ಮೂಡುತ್ತಿತ್ತು. ಮಗಳು ಒಂದು ಕ್ಷಣ ಸುಮ್ಮನೆ ಅದನ್ನೇ ನೋಡುತ್ತಿದ್ದಳು, ಬೆರಳಿನಿಂದ ನಾಲ್ಕು ಸಲ ಒತ್ತುತ್ತಿದ್ದಳು, ಆಮೇಲೆ ರಚ್ಚೆ ಹಿಡಿದು ನೆಲಕ್ಕೆ ಬೀಳುತ್ತಿದ್ದಳು. ಬೀಗವನ್ನು ತೆರೆಯುವ ಅಂಕಿಗಳು ನನಗೆ ಗೊತ್ತಿವೆಯೆಂಬುದನ್ನು ಮೂರೇ ದಿನದಲ್ಲಿ ಕಂಡುಕೊಂಡ ಮೇಲಂತೂ ಪರದೆ ಮುಚ್ಚಿದ ತಕ್ಷಣ ಮೊಬೈಲನ್ನು ಎತ್ತಿಕೊಂಡು ನೇರ ನನ್ನ ಬಳಿಗೆ ಓಡಿಬಂದು ‘ತೆಗಿ ಅಮ್ಮಾ’ ಎಂದು ಕೈಗಿಡುತ್ತಿದ್ದಳು. ಯಂತ್ರವು ಹೊತ್ತನ್ನು ಮುಗಿಸಿದರೂ ಜಗಳ ಉಳಿದದ್ದು ನನಗೂ ಅವಳಿಗೂ ನಡುವೆಯೇ. ಅವಳ ದೃಷ್ಟಿಯಲ್ಲಿ ನಾನು ಕೀಲಿ ಕೈಯಲ್ಲಿದ್ದೂ ಬಾಗಿಲು ತೆರೆಯದವಳಾಗಿದ್ದೆ.

ಇಂಥ ಬೀಗಗಳು ನಿಷ್ಪ್ರಯೋಜಕವೆಂದು ನಾನು ಹೇಳುತ್ತಿಲ್ಲ. ಹಣ ಕೊಡಬೇಕಾದ ಅಗತ್ಯವೂ ಬಹಳ ಮಂದಿಗೆ ಇಲ್ಲ: ಗೂಗಲ್‌ನ ‘ಫ್ಯಾಮಿಲಿ ಲಿಂಕ್’ 2017ರಿಂದ, ಆಪಲ್‌ನ ‘ಸ್ಕ್ರೀನ್ ಟೈಮ್’ 2018ರಿಂದ ಪುಕ್ಕಟೆಯಾಗಿಯೇ ಇವೆ; ಐಫೋನ್, ಐಪ್ಯಾಡ್‌ಗಳಲ್ಲಿ ಮಗು ಒಂದೇ ಆ್ಯಪ್‌ನಿಂದ ಹೊರಹೋಗದಂತೆ ಹಿಡಿದಿಡುವ ‘ಗೈಡೆಡ್ ಆ್ಯಕ್ಸೆಸ್’ ಇದೆ; 2015ರಲ್ಲಿ ಬಂದ ‘ಯೂಟ್ಯೂಬ್ ಕಿಡ್ಸ್’ನ ಒಳಗೇ ಗರಿಷ್ಠ 60 ನಿಮಿಷಗಳ ಟೈಮರ್ ಇದೆ, ತಂದೆ-ತಾಯಿ ತಾವೇ ಆರಿಸಿದ ವಿಡಿಯೊಗಳಷ್ಟೇ ಕಾಣುವಂತೆ ಮಾಡಿಕೊಳ್ಳುವ ವ್ಯವಸ್ಥೆಯೂ ಇದೆ. ಏನನ್ನು ನೋಡಬಹುದು ಎಂಬುದಕ್ಕೆ ಬೇಲಿ ಹಾಕಲು ಇವುಗಳಿಗಿಂತ ಒಳ್ಳೆಯ ಸಾಧನವಿಲ್ಲ, ನಮ್ಮ ಮನೆಯಲ್ಲೂ ಅವನ್ನು ಅದಕ್ಕಾಗಿ ಈಗಲೂ ಬಳಸುತ್ತೇವೆ. ಆದರೆ ಎಷ್ಟು ಹೊತ್ತು ಎಂಬ ಪ್ರಶ್ನೆಯಲ್ಲಿ ಇವೆಲ್ಲ ಮಾತನಾಡುವುದು ದೊಡ್ಡವರೊಂದಿಗೆ. ನಿಮಿಷಗಳನ್ನು ಅಂಕಿಯಲ್ಲಿ ತೋರಿಸುತ್ತವೆ, ಎಚ್ಚರಿಕೆಯನ್ನು ಅಕ್ಷರದಲ್ಲಿ ಬರೆಯುತ್ತವೆ. ಅಂಕಿಯೂ ಅಕ್ಷರವೂ ತಿಳಿಯದ ಮಗುವಿಗೆ ಪರದೆಯು ಯಾವ ಮುನ್ಸೂಚನೆಯೂ ಇಲ್ಲದೆ ಮುಚ್ಚಿಕೊಂಡಂತೆಯೇ ಆಗುತ್ತದೆ.

ಕೆಂಪು ತಟ್ಟೆಯ ಗಡಿಯಾರದ ಬೆಲೆ ಇರುವುದು ಇಲ್ಲಿಯೇ. ‘ಇನ್ನು ಐದು ನಿಮಿಷ ಅಷ್ಟೇ’ ಎಂದು ನಾವು ಹೇಳುತ್ತೇವೆ. ಮೂರು-ನಾಲ್ಕು ವರ್ಷದ ಮಗುವಿಗೆ ಐದು ನಿಮಿಷವೆಂದರೆ ಎಷ್ಟೆಂದು ಗೊತ್ತಿರುವುದಿಲ್ಲ, ಮೇಲಾಗಿ ನಮ್ಮ ಐದು ನಿಮಿಷವೂ ದಿನಕ್ಕೊಂದು ಅಳತೆಯದಾಗಿರುತ್ತದೆ: ಫೋನಿನಲ್ಲಿ ಮಾತು ಮುಗಿಯದಿದ್ದರೆ ಅದು ಕಾಲು ಗಂಟೆ, ಒಲೆಯ ಮೇಲಿನದು ಉಕ್ಕಿದರೆ ಅದು ಅರೆ ನಿಮಿಷ. ಕೆಂಪು ಹಾಗಲ್ಲ. ಹೆಚ್ಚು-ಕಡಿಮೆ ಎಂಬುದು ಆ ವಯಸ್ಸಿನ ಮಗುವಿಗೆ ಕಣ್ಣಳತೆಯಲ್ಲಿ ಚೆನ್ನಾಗಿ ತಿಳಿಯುತ್ತದೆ, ಲೋಟದಲ್ಲಿ ನೀರು ಎಷ್ಟಿದೆಯೆಂದು ತಿಳಿಯುವ ಹಾಗೆ. ತಂದ ಮೂರನೆಯ ದಿನ ಮಗಳು ನೋಡುತ್ತಿದ್ದ ಚಿತ್ರದಿಂದ ಕಣ್ಣು ಕಿತ್ತು ಕಪಾಟಿನತ್ತ ನೋಡಿ, ಯಾರಿಗೂ ಹೇಳದೆ ತನ್ನಷ್ಟಕ್ಕೆ ‘ಕೆಂಪು ಇನ್ನೂ ಇದೆ’ ಎಂದುಕೊಂಡು ಮತ್ತೆ ಪರದೆಗೆ ತಿರುಗಿದಳು. ಪರದೆಯ ಮುಂದೆ ಕುಳಿತಾಗ ಕರೆದರೂ ತಿರುಗದಿದ್ದ ಮಗು, ಯಾರೂ ಕರೆಯದೆಯೇ ಕಣ್ಣನ್ನು ಹೊರಗೆ ತಂದು ಹೊತ್ತನ್ನು ಅಳೆದುಕೊಂಡಿತಲ್ಲ, ಆ ಸಂಜೆ ನನಗೆ ಈ ವಸ್ತುವಿನ ಮೇಲೆ ನಂಬಿಕೆ ಹುಟ್ಟಿತು.

ಎಲ್ಲವೂ ಅಷ್ಟು ಸಲೀಸಾಗಿ ನಡೆಯಿತೆಂದರೆ ಸುಳ್ಳಾಗುತ್ತದೆ. ಮೊದಲು ನಾವು ಗಡಿಯಾರವನ್ನು ಅವಳ ಪಕ್ಕದ ಪುಟ್ಟ ಮೇಜಿನ ಮೇಲೆಯೇ ಇಟ್ಟಿದ್ದೆವು. ನಮ್ಮಲ್ಲಿರುವ ಗಡಿಯಾರದ ಮುಖಕ್ಕೆ ಮುಚ್ಚಳವಿಲ್ಲ, ಗುಂಡಿಯೂ ಸಡಿಲ. ಕೆಂಪು ತೆಳ್ಳಗೆ ಒಂದು ಎಳೆಯಷ್ಟಾದಾಗ ಅವಳು ಗುಂಡಿಯನ್ನು ಹಿಡಿದು ತಿರುಗಿಸಿದಳು. ತಟ್ಟೆಯ ತುಂಬ ಕೆಂಪು ಬಂತು. ‘ಅಮ್ಮಾ, ಕೆಂಪು ಮತ್ತೆ ಬಂತು ನೋಡು’ ಎಂದು ನನ್ನನ್ನು ಕೂಗಿ ಕರೆದಳು. ಅವಳು ಮೋಸ ಮಾಡಿದ್ದಲ್ಲ. ಖಾಲಿಯಾದ ಬಕೆಟ್ಟಿಗೆ ನಲ್ಲಿ ತಿರುಗಿಸಿ ಮತ್ತೆ ನೀರು ತುಂಬಿಸಿದಷ್ಟೇ ಸಹಜವಾಗಿ ಹೊತ್ತನ್ನು ತುಂಬಿಸಿಕೊಂಡಿದ್ದಳು. ಗದರಿದ್ದರೆ ತಪ್ಪು ನಮ್ಮದೇ ಆಗುತ್ತಿತ್ತು. ಅಂದೇ ಅದು ಕಪಾಟಿನ ಮೇಲೇರಿತು. ಆಮೇಲಿನಿಂದ ಒಂದು ಕ್ರಮ ಮಾಡಿಕೊಂಡೆವು: ಆರಂಭದಲ್ಲಿ ಗುಂಡಿಯನ್ನು ತಿರುಗಿಸುವುದು ಅವಳೇ, ನನ್ನ ಕೈಯ ಆಸರೆಯಲ್ಲಿ, ಒಮ್ಮೆ ಮೇಲಿಟ್ಟ ಮೇಲೆ ಅದನ್ನು ಮುಟ್ಟುವವರು ಯಾರೂ ಇಲ್ಲ, ದೊಡ್ಡವರು ಕೂಡ. ಈ ಕೊನೆಯ ಮಾತನ್ನು ಪಾಲಿಸುವುದು ಮಗುವಿಗಿಂತ ನಮಗೇ ಕಷ್ಟವಾಯಿತು. ಕರೆಯೊಂದು ಮುಗಿಯದಿದ್ದಾಗ ಎದ್ದುಹೋಗಿ ಇನ್ನೊಂದು ಹತ್ತು ನಿಮಿಷ ಕೆಂಪನ್ನು ಬೆಳೆಸಿಬಿಡೋಣ ಎಂಬ ಆಸೆ ಬರುತ್ತದೆ. ನಾನು ಎರಡು ಸಲ ಹಾಗೆ ಮಾಡಿದೆ. ಎರಡು ಸಲವೂ ಮರುದಿನ ‘ಇನ್ನೂ ಸ್ವಲ್ಪ ಕೆಂಪು ಹಾಕು’ ಎಂಬ ಹಟ ಶುರುವಾಗಿ, ಮೂರು ದಿನ ಕಟ್ಟಿದ ಅಭ್ಯಾಸ ಕುಸಿಯಿತು.

ಮೊದಲ ವಾರ ಮೂರು ಸಂಜೆ ಅಳು ಬಂತು. ಅವುಗಳಲ್ಲಿ ಎರಡಕ್ಕೆ ಕಾರಣವಾಗಿದ್ದು ಗಡಿಯಾರದ ಮಿತಿಯನ್ನು ನಾನು ತಿಳಿಯದಿದ್ದದ್ದು. ಗಡಿಯಾರಕ್ಕೆ ನಿಮಿಷ ಗೊತ್ತು, ಕಥೆ ಗೊತ್ತಿಲ್ಲ. ಕೆಂಪು ಮುಗಿದಾಗ ಕಳೆದುಹೋದ ಕರಡಿಮರಿ ಇನ್ನೂ ಕಾಡಿನಲ್ಲೇ ಇತ್ತು. ಅದು ಮನೆ ಸೇರಿತೋ ಇಲ್ಲವೋ ತಿಳಿಯದೆ ಪರದೆ ಆರಿಸಬೇಕೆಂದರೆ ಮೂರು-ನಾಲ್ಕು ವರ್ಷದ ಮಗುವೇಕೆ, ದೊಡ್ಡವರಿಗೂ ಸಂಕಟವೇ. ಅದಾದ ಮೇಲೆ ಮೊದಲು ನೋಡುವುದನ್ನು ಆರಿಸಿ ಆಮೇಲೆ ಕೆಂಪನ್ನು ಅಳೆಯುವ ರೂಢಿ ಮಾಡಿಕೊಂಡೆವು. ಏಳು ನಿಮಿಷದ ಎರಡು ಕಥೆಗಳೆಂದರೆ 15ರ ಅಂಕಿಯ ತನಕ. 22 ನಿಮಿಷದ ಒಂದೇ ಕಥೆಯೆಂದರೆ 20 ದಾಟಿ 25ರತ್ತ ಅರ್ಧ ದಾರಿಗೆ. ಕಥೆಯೂ ಕೆಂಪೂ ಹೆಚ್ಚುಕಡಿಮೆ ಒಟ್ಟಿಗೆ ಮುಗಿಯಬೇಕು. ಇದಕ್ಕೆ ಅಡ್ಡ ಬರುವುದು ಒಂದು ಮುಗಿದೊಡನೆ ಇನ್ನೊಂದನ್ನು ತಾನಾಗಿ ಶುರುಮಾಡುವ ಆಟೋಪ್ಲೇ. ಅದನ್ನು ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿರದಿದ್ದರೆ ಈ ಗಡಿಯಾರ ತಂದೂ ಪ್ರಯೋಜನವಿಲ್ಲ, ಏಕೆಂದರೆ ಮಗುವಿನ ಮನಸ್ಸು ನಿಲ್ಲಲು ಒಪ್ಪುವ ಏಕೈಕ ಜಾಗವೆಂದರೆ ಕಥೆ ಮುಗಿದು ಪರದೆ ಸುಮ್ಮನಾಗುವ ಆ ಕೆಲವು ಸೆಕೆಂಡುಗಳು. ಆಟೋಪ್ಲೇ ಆ ಜಾಗವನ್ನೇ ಅಳಿಸಿಹಾಕುತ್ತದೆ. ‘ಯೂಟ್ಯೂಬ್ ಕಿಡ್ಸ್’ನಲ್ಲಿ 2021ರಿಂದ ಆಟೋಪ್ಲೇಯನ್ನು ಮೊದಲೇ ನಿಲ್ಲಿಸಿ ಕೊಡುತ್ತಾರೆ, ಬೇರೆಡೆ ನಾವೇ ಹುಡುಕಿ ನಿಲ್ಲಿಸಬೇಕು.

ಇಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಒಂದು ಅಧ್ಯಯನವನ್ನು ನೆನೆಯಬೇಕು. ಅಲೆಕ್ಸಿಸ್ ಹಿನಿಕರ್ ಮತ್ತು ಸಂಗಡಿಗರು ಒಂದರಿಂದ ಐದು ವರ್ಷದ ಮಕ್ಕಳಿರುವ ಕುಟುಂಬಗಳಲ್ಲಿ ಪರದೆಯ ಹೊತ್ತು ಹೇಗೆ ಮುಗಿಯುತ್ತದೆಂದು ದಿನಚರಿ ಬರೆಸಿ ನೋಡಿದರು. ‘ಇನ್ನು ಎರಡು ನಿಮಿಷ’ ಎಂದು ತಂದೆ-ತಾಯಿ ಮುಂಚಿತವಾಗಿ ಎಚ್ಚರಿಸಿದಾಗ ಮುಕ್ತಾಯ ಸುಲಭವಾಗುವುದರ ಬದಲು ಹೆಚ್ಚು ಕಷ್ಟವಾಗುತ್ತಿತ್ತೆಂಬುದು ಅವರಿಗೆ ಕಂಡುಬಂತು. ನೋಡುತ್ತಿದ್ದುದು ತಾನಾಗಿ ಒಂದು ಕೊನೆಗೆ ಬಂದಾಗ, ಬ್ಯಾಟರಿ ಮುಗಿದಂತಹ ಕಾರಣದಿಂದ ಸಾಧನವೇ ನಿಂತಾಗ, ಅಥವಾ ದಿನದ ಕ್ರಮವೇ ಹಾಗಿದ್ದಾಗ ಮಕ್ಕಳು ಹೆಚ್ಚು ಸಮಾಧಾನದಿಂದ ಬಿಟ್ಟುಕೊಡುತ್ತಿದ್ದರು. ಬಾಯಿಂದ ಬರುವ ಎಚ್ಚರಿಕೆ ಚೌಕಾಶಿಗೆ ಬಾಗಿಲು ತೆರೆಯುತ್ತದೆಂದು ನನಗೆ ಅನುಭವದಿಂದ ತೋರುತ್ತದೆ. ಮುಗಿಸುತ್ತಿರುವುದು ಅಮ್ಮ ಎಂದಾದರೆ ಅಮ್ಮನ ಮನಸ್ಸನ್ನು ಬದಲಾಯಿಸಬಹುದು. ಅಳುವುದು ಅದಕ್ಕಿರುವ ಉಪಾಯ. ಗೋಡೆಯ ಮೇಲಿನ ನೆರಳಿನೊಂದಿಗೆ ಯಾವ ಮಗುವೂ ಚೌಕಾಶಿ ಮಾಡುವುದಿಲ್ಲ. ಕೆಂಪು ತಟ್ಟೆ ನಮ್ಮ ಮನೆಯಲ್ಲಿ ಆ ನೆರಳಿನ ಸ್ಥಾನಕ್ಕೆ ಬಂದಿದೆ. ಎಚ್ಚರಿಕೆ ಕೊಡುವ ಕೆಲಸವನ್ನು ಅದು ನನ್ನ ಬಾಯಿಂದ ತೆಗೆದು ಮಗುವಿನ ಕಣ್ಣಿಗೆ ಕೊಟ್ಟಿದೆ, ನಾನು ಈಗ ‘ಸಾಕು’ ಎಂದು ಹೇಳುವುದನ್ನೇ ಬಿಟ್ಟಿದ್ದೇನೆ. ಕೆಂಪು ಮುಗಿದಾಗ ಅವಳೇ ಪರದೆಯನ್ನು ಆರಿಸಿ, ಮೊಬೈಲನ್ನು ಮೇಜಿನ ಖಾನೆಯೊಳಗೆ ಮಲಗಿಸಿ, ಬಾಲ್ಕನಿಯ ಗಿಡಗಳಿಗೆ ನೀರು ಹಾಕಲು ತನ್ನ ಪುಟ್ಟ ಚೊಂಬನ್ನು ಎತ್ತಿಕೊಳ್ಳುತ್ತಾಳೆ. ಈ ಗಿಡಗಳ ಕೆಲಸ ಗಡಿಯಾರದಷ್ಟೇ ಮುಖ್ಯವೆಂದು ತಡವಾಗಿ ತಿಳಿಯಿತು. ಆಮೇಲೆ ಮಾಡಲು ಏನೂ ಇಲ್ಲದ ದಿನ, ಮಳೆ ಬಂದು ನೀರು ಹಾಕುವ ಅಗತ್ಯವೇ ಇಲ್ಲದ ದಿನ, ಕೆಂಪು ಮುಗಿದ ಮೇಲೂ ಅವಳು ಖಾನೆಯ ಸುತ್ತಲೇ ಸುಳಿದಾಡುತ್ತಾಳೆ.

ಸದ್ದಿನ ವಿಷಯ ಸಣ್ಣದು, ಆದರೂ ಹೇಳಬೇಕು. ಕೊನೆಯಲ್ಲಿ ಬೀಪ್ ಎನ್ನುವಂತೆ ಇಡಲೂಬಹುದು, ಹಿಂಬದಿಯ ಸ್ವಿಚ್ಚಿನಿಂದ ನಿಲ್ಲಿಸಲೂಬಹುದು. ಆ ಸದ್ದಿಗೆ ಮಗಳು ಬೆಚ್ಚುತ್ತಿದ್ದಳಾದ್ದರಿಂದ ನಿಲ್ಲಿಸಿದ್ದೇವೆ.

ಎಷ್ಟು ಕೆಂಪು ಇಡಬೇಕು ಎಂಬುದನ್ನು ಗಡಿಯಾರ ಹೇಳುವುದಿಲ್ಲ; ಅದನ್ನು ನಾವೇ ನಿರ್ಧರಿಸಬೇಕು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಐದು ವರ್ಷದೊಳಗಿನ ಮಕ್ಕಳಿಗಾಗಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಒಂದು ವರ್ಷದವರೆಗಿನ ಹಸುಗೂಸಿಗೂ ಒಂದು ವರ್ಷದ ಮಗುವಿಗೂ ಕುಳಿತು ಪರದೆ ನೋಡುವುದು ಸಲ್ಲದು. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯನ್ನು ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಅದೇ ಮಾರ್ಗಸೂಚಿ ಮೂರು-ನಾಲ್ಕು ವರ್ಷದ ಮಗು ದಿನದಲ್ಲಿ ಒಟ್ಟು 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷವಾದರೂ ಓಡಾಟ ಚುರುಕಾಗಿರಬೇಕು, ಹಗಲಿನ ನಿದ್ದೆಯೂ ಸೇರಿ 10ರಿಂದ 13 ಗಂಟೆ ಮಲಗಬೇಕು ಎನ್ನುತ್ತದೆ. ಪರದೆಯ ಒಂದು ಗಂಟೆಯನ್ನು ಈ ಲೆಕ್ಕಗಳ ಪಕ್ಕದಲ್ಲಿಟ್ಟು ನೋಡಿದಾಗಲೇ ಅದರ ಅರ್ಥ ತಿಳಿಯುವುದು: ನಿದ್ದೆ, ಊಟ, ಸ್ನಾನ, ಆಟ ಎಲ್ಲ ಕಳೆದರೆ ಆ ವಯಸ್ಸಿನ ಮಗುವಿನ ದಿನದಲ್ಲಿ ಮಿಗುವ ಹೊತ್ತು ನಾವಂದುಕೊಂಡಷ್ಟಿಲ್ಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೂ 2016ರಲ್ಲಿ ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆಯೆಂದೇ ಹೇಳಿತು. ಊಟದ ಹೊತ್ತಿನಲ್ಲಿಯೂ ಮಲಗುವುದಕ್ಕೆ ಮೊದಲಿನ ಒಂದು ಗಂಟೆಯಲ್ಲಿಯೂ ಪರದೆ ಬೇಡವೆಂದು ಸೇರಿಸಿತು. ದೂರದಲ್ಲಿರುವ ಅಜ್ಜ-ಅಜ್ಜಿಯರೊಂದಿಗೆ ಮುಖ ನೋಡಿಕೊಂಡು ಆಡುವ ವಿಡಿಯೊ ಕರೆಗೆ ಹದಿನೆಂಟು ತಿಂಗಳೊಳಗಿನ ಮಕ್ಕಳಿಗೂ ಅದು ವಿನಾಯಿತಿ ಕೊಟ್ಟಿದೆ, ನಾವೂ ಆ ಕರೆಗಳಿಗೆ ಕೆಂಪು ಇಡುವುದಿಲ್ಲ. ನಮ್ಮ ಅಳತೆ ಸಂಜೆ ಒಂದೇ ಸಲ, 25 ನಿಮಿಷದ ಒಳಗೆ. ಹಗಲಿಗೊಂದು, ಸಂಜೆಗೊಂದು ಎಂದು ಎರಡಾಗಿ ಒಡೆದು ನೋಡಿದೆವು; ಮುಗಿಸುವ ಕಷ್ಟ ದಿನಕ್ಕೆ ಎರಡು ಬಾರಿಯಾಯಿತೇ ಹೊರತು ಲಾಭವಾಗಲಿಲ್ಲ.

ಈ ಗಡಿಯಾರವನ್ನು ಹೊಗಳುವಾಗ ಅದರಿಂದಾಗದ್ದನ್ನೂ ಹೇಳಲೇಬೇಕು, ಏಕೆಂದರೆ ಹೊತ್ತು ಹಿಡಿತಕ್ಕೆ ಬಂತೆಂಬ ನೆಮ್ಮದಿಯಲ್ಲಿ ಉಳಿದದ್ದನ್ನು ಮರೆಯುವ ಅಪಾಯ ನನಗೇ ಬಂದಿತ್ತು. ಅದಕ್ಕೆ ಒಳ್ಳೆಯ 20 ನಿಮಿಷ ಯಾವುದು, ಕೆಟ್ಟ 20 ನಿಮಿಷ ಯಾವುದು ಎಂದು ತಿಳಿಯದು. 2011ರಲ್ಲಿ ವರ್ಜೀನಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 60 ಮಂದಿ ನಾಲ್ಕು ವರ್ಷದ ಮಕ್ಕಳನ್ನು ಮೂರು ಗುಂಪು ಮಾಡಿ, ಒಂದಕ್ಕೆ ದೃಶ್ಯಗಳು ಸರಸರನೆ ಬದಲಾಗುವ ಕಾರ್ಟೂನನ್ನು, ಇನ್ನೊಂದಕ್ಕೆ ನಿಧಾನಗತಿಯ ಶೈಕ್ಷಣಿಕ ಕಾರ್ಯಕ್ರಮವನ್ನು ತೋರಿಸಿ, ಮೂರನೆಯದನ್ನು ಚಿತ್ರ ಬಿಡಿಸಲು ಕೂರಿಸಿದರು. ಕೇವಲ ಒಂಬತ್ತು ನಿಮಿಷ. ಆ ಬೆನ್ನಿಗೇ ಗಮನವಿಟ್ಟು, ಕಾದು, ನಿಯಮ ನೆನಪಿಟ್ಟು ಮಾಡಬೇಕಾದ ಕೆಲಸಗಳನ್ನು ಕೊಟ್ಟಾಗ ಸರಸರನೆ ಓಡುವ ಕಾರ್ಟೂನ್ ನೋಡಿದ ಮಕ್ಕಳು ಹಿಂದೆ ಬಿದ್ದರು. ಅದು ಪರೀಕ್ಷಿಸಿದ್ದು ಆ ಕ್ಷಣದ ಪರಿಣಾಮವನ್ನಷ್ಟೇ. ಆದರೆ ಪರದೆ ಆರಿಸಿದ ಮೊದಲ ಹತ್ತು ನಿಮಿಷ ಮಗು ಹೇಳಿದ ಮಾತು ಕೇಳದೆ ಚಡಪಡಿಸುವುದನ್ನು ಕಂಡ ಯಾರಿಗೂ ಇದರಲ್ಲಿ ಆಶ್ಚರ್ಯವಾಗದು. ನಮ್ಮಲ್ಲೂ ನಿಧಾನವಾಗಿ ಸಾಗುವ ಕಥೆ ನೋಡಿದ ಸಂಜೆ ಕೆಂಪು ಮುಗಿದಾಗ ಅವಳು ಎದ್ದುಬರುವ ರೀತಿಯೇ ಬೇರೆ.

ಹಾಗೆಯೇ ಯಾರೂ ನೋಡದೆ ಹಿನ್ನೆಲೆಯಲ್ಲಿ ಓಡುತ್ತಿರುವ ಟಿವಿಗೆ ಈ ಗಡಿಯಾರ ಅನ್ವಯಿಸುವುದಿಲ್ಲ. 2009ರಲ್ಲಿ ಅಮೆರಿಕದ ಮಕ್ಕಳ ವೈದ್ಯ ಡಿಮಿಟ್ರಿ ಕ್ರಿಸ್ಟಾಕಿಸ್ ಮತ್ತು ಸಂಗಡಿಗರು ಪುಟ್ಟ ಮಕ್ಕಳ ಅಂಗಿಗೆ ಧ್ವನಿಮುದ್ರಕ ತೊಡಿಸಿ ಮನೆಯ ಮಾತನ್ನು ಎಣಿಸಿದಾಗ, ಟಿವಿಯ ಸದ್ದು ಕೇಳಿಬರುವ ಪ್ರತಿ ಒಂದು ಗಂಟೆಗೆ ಮಗುವಿನ ಕಿವಿಗೆ ಬೀಳುವ ದೊಡ್ಡವರ ಮಾತು ಸರಾಸರಿ 770 ಪದಗಳಷ್ಟು ಕಡಿಮೆಯಾಗುತ್ತಿತ್ತು. ಇದನ್ನು ಓದಿದ ಮೇಲೆ ನಾನು ಮೊದಲು ಮಾಡಿದ ಕೆಲಸ ಅಡುಗೆಮಾಡುವಾಗ ಹಚ್ಚಿಡುತ್ತಿದ್ದ ಸುದ್ದಿವಾಹಿನಿಯನ್ನು ಆರಿಸಿದ್ದು. ಮಾತು ಕಲಿಯುವುದಕ್ಕೆ ಪರದೆ ನೆರವಾಗುತ್ತದೆಂಬ ನಂಬಿಕೆಯೂ ತೀರ ಚಿಕ್ಕ ಮಕ್ಕಳ ವಿಷಯದಲ್ಲಿ ನಿಲ್ಲುವುದಿಲ್ಲ: ಮಕ್ಕಳ ಭಾಷಾ ಕಲಿಕೆಯ ಸಂಶೋಧಕಿ ಪೆಟ್ರೀಷಿಯಾ ಕೂಲ್ ಅವರ 2003ರ ಪ್ರಯೋಗದಲ್ಲಿ, ಇಂಗ್ಲಿಷ್ ಕೇಳಿ ಬೆಳೆಯುತ್ತಿದ್ದ ಒಂಬತ್ತು ತಿಂಗಳ ಕೂಸುಗಳು ಎದುರಿಗೆ ಕುಳಿತು ಆಡಿಸಿದವರಿಂದ ಚೀನೀ ಭಾಷೆಯ ಧ್ವನಿಗಳನ್ನು ಕಲಿತವು, ಅದೇ ಜನ ಅದೇ ಮಾತನ್ನು ವಿಡಿಯೊದಲ್ಲಿ ಆಡಿದಾಗ ಕಲಿಯಲಿಲ್ಲ. ಹಾಗಾಗಿ ಎರಡು ವರ್ಷದೊಳಗಿನ ಮಗುವಿಗೆ ಈ ಗಡಿಯಾರವನ್ನು ಕೊಳ್ಳಬೇಡಿ. ಅಳೆಯುವಂಥದ್ದು ಅಲ್ಲಿ ಏನೂ ಇರಬಾರದು, ಮೇಲಾಗಿ ಕೆಂಪು ಕರಗುವುದಕ್ಕೂ ತನ್ನ ಹೊತ್ತು ಮುಗಿಯುವುದಕ್ಕೂ ಇರುವ ಸಂಬಂಧ ಅಷ್ಟು ಚಿಕ್ಕ ಮಗುವಿನ ಬುದ್ಧಿಗೆ ಸಿಗುವುದೂ ಇಲ್ಲ. ಎರಡೂವರೆಯ ಆಸುಪಾಸಿನ ಮಗುವಿಗೆ ಐದು ನಿಮಿಷದ ಸಣ್ಣ ಕೆಂಪಿನಿಂದ, ಅದೂ ಆಟದ ಸಾಮಾನು ಎತ್ತಿಡುವಂಥ ಬೇರೆ ಕೆಲಸಕ್ಕೆ ಬಳಸಿ, ಪರಿಚಯ ಮಾಡಿಸಬಹುದು.

ಬೇರೆ ಕೆಲಸಗಳಿಗೆ ಬಳಸುವಾಗಲೂ ಒಂದು ಎಚ್ಚರ ಬೇಕು. ಆರಂಭದ ಉತ್ಸಾಹದಲ್ಲಿ ನಾನು ಊಟಕ್ಕೆ, ಹಲ್ಲುಜ್ಜುವುದಕ್ಕೆ, ಬಟ್ಟೆ ತೊಡುವುದಕ್ಕೆ ಎಲ್ಲದಕ್ಕೂ ಕೆಂಪು ಇಡತೊಡಗಿದೆ. ಊಟದ ತಟ್ಟೆಯ ಮುಂದೆ ಅದನ್ನು ಇಟ್ಟ ದಿನ ಮಗಳು ತುತ್ತನ್ನು ಅಗಿಯದೆ ಕೆಂಪನ್ನೇ ನೋಡುತ್ತ ಗಾಬರಿಯಿಂದ ನುಂಗಿದಳು. ಅತ್ತೆಯವರು ಒಂದು ಮಾತೂ ಆಡದೆ ಗಡಿಯಾರವನ್ನು ಎತ್ತಿ ಕಪಾಟಿನ ಮೇಲಿಟ್ಟರು. ಅವರು ಮಾಡಿದ್ದೇ ಸರಿ. ಅಂದಿನಿಂದ ಅದು ಪರದೆಯ ಹೊತ್ತಿಗೆ ಮಾತ್ರ ಕೆಳಗಿಳಿಯುತ್ತದೆ.

ವಸ್ತುವಿನ ಗುಣಮಟ್ಟದ ಬಗ್ಗೆ ಹೇಳುವುದಾದರೆ, ನಮ್ಮದರಲ್ಲಿ ಪೆನ್ಸಿಲ್ ಸೆಲ್ ಒಂದು ಸಾಕು, ಐದು ತಿಂಗಳಲ್ಲಿ ಒಮ್ಮೆ ಬದಲಾಯಿಸಿದ್ದೇನೆ. ಸೆಲ್ ಸೊರಗಿದಾಗ ಕೆಂಪು ಕರಗುವುದು ನಿಧಾನವಾಗುತ್ತದೆಯೆಂಬುದು ನನಗೆ ಹೊಳೆದದ್ದು, ಎರಡು ಕಥೆ ಮುಗಿದರೂ ನಾಲ್ಕು ನಿಮಿಷದಷ್ಟು ಕೆಂಪು ಉಳಿದಿದ್ದ ಒಂದು ಸಂಜೆ. ಮಗಳು ‘ಇನ್ನೂ ಇದೆಯಲ್ಲ’ ಎಂದಾಗ ಅವಳ ಮಾತೇ ನ್ಯಾಯವಾಗಿತ್ತು, ಇನ್ನೊಂದು ಪುಟ್ಟ ಹಾಡನ್ನು ನೋಡಲು ಬಿಟ್ಟೆ. ಕೆಂಪು ತಟ್ಟೆ ತೆಳುವಾದ ಪ್ಲಾಸ್ಟಿಕ್ಕಿನದು, ಬಿದ್ದರೆ ಮಡಚಿಕೊಂಡೀತು. ಹಿಂಬದಿಯ ಕಾಲು ಅಷ್ಟೇನೂ ಗಟ್ಟಿಯಿಲ್ಲ. ಐದು ನಿಮಿಷಕ್ಕಿಂತ ಕಡಿಮೆ ಹೊತ್ತನ್ನು ಕರಾರುವಾಕ್ಕಾಗಿ ಇಡಲು ಬರುವುದಿಲ್ಲ. ಮಗುವಿನ ಕೆಲಸಕ್ಕೆ ಅಷ್ಟು ಕರಾರುವಾಕ್ಕು ಬೇಕಾಗುವುದೂ ಇಲ್ಲ.

ಇದೇ ಕೆಲಸಕ್ಕೆ ಬೇರೆ ಏನನ್ನಾದರೂ ಬಳಸಬಹುದೇ ಎಂದು ನಾನೂ ಪ್ರಯತ್ನಿಸಿ ನೋಡಿದ್ದೇನೆ. ಮರಳುಗಡಿಯಾರ ಚಂದ, ಮಗುವಿಗೆ ಇಷ್ಟವೂ ಹೌದು, ಆದರೆ ಅದರ ಅಳತೆ ಒಂದೇ. ನಮ್ಮ ಮೂರು ನಿಮಿಷದ ಮರಳು ಕಥೆಗೆ ಸಾಲದು, ಅಲ್ಲದೆ ತಲೆಕೆಳಗು ಮಾಡುವ ಆಸೆಯನ್ನು ಯಾವ ಮಗು ತಾನೇ ತಡೆದೀತು. ಅಡುಗೆಮನೆಯ ಕೀಲಿ ಕೊಡುವ ಟೈಮರ್ ಟಿಕ್‌ಟಿಕ್ ಎನ್ನುತ್ತಲೇ ಇರುತ್ತದೆ, ಎಷ್ಟು ಉಳಿದಿದೆಯೆಂದು ದೂರದಿಂದ ಕಾಣುವುದಿಲ್ಲ, ಕೊನೆಯಲ್ಲಿ ಮಗು ಬೆಚ್ಚುವಂತೆ ಗಂಟೆ ಬಾರಿಸುತ್ತದೆ. ಇದೇ ಕೆಂಪು ತಟ್ಟೆಯನ್ನು ಪರದೆಯ ಮೇಲೆ ತೋರಿಸುವ ಆ್ಯಪ್‌ಗಳೂ ಇವೆ; ತರಗತಿಯಲ್ಲಿ ಅವು ಉಪಯುಕ್ತವಾಗಬಹುದು, ಮನೆಯಲ್ಲಿ ನನಗೆ ಸರಿಬರಲಿಲ್ಲ. ಪರದೆಯಿಂದ ಕಣ್ಣು ಹೊರಗೆ ಬರಬೇಕೆಂಬುದೇ ಉದ್ದೇಶವಾಗಿರುವಾಗ ಹೊತ್ತನ್ನು ನೋಡಲು ಮಗು ಮತ್ತೆ ಇನ್ನೊಂದು ಪರದೆಯತ್ತಲೇ ತಿರುಗುವಂತಾಗುತ್ತದೆ. ಕೊಳ್ಳಲು ಅನುಕೂಲವಿಲ್ಲದವರಿಗೆ ಒಂದು ಮಾತು: ನನ್ನ ಪತಿ ಊರಿಗೆ ಹೋದಾಗ ಗಡಿಯಾರ ಒಯ್ಯಲು ಮರೆತು, ಅಲ್ಲಿದ್ದ ಮುಳ್ಳಿನ ಗೋಡೆಗಡಿಯಾರದ ಗಾಜಿನ ಮೇಲೆ, ದೊಡ್ಡ ಮುಳ್ಳು ತಲುಪಬೇಕಾದ ಜಾಗದಲ್ಲಿ, ಕೆಂಪು ಕಾಗದದ ತುಂಡೊಂದನ್ನು ಅಂಟಿಸಿ ಕೆಲಸ ಸಾಗಿಸಿದರು. ಕರಗುವ ಕೆಂಪಿನಷ್ಟು ಸ್ಪಷ್ಟವಾಗಿ ಅದು ತಿಳಿಯದಿದ್ದರೂ ಅಭ್ಯಾಸವಾಗಿದ್ದ ಮಗು ಅದನ್ನು ಒಪ್ಪಿಕೊಂಡಿತು.

ಮಗುವಿಗೆ ಜ್ವರ ಬಂದ ನಾಲ್ಕು ದಿನ, ದೂರ ಪ್ರಯಾಣ ಮಾಡಿದ ಒಂದು ದಿನ ನಾವು ಗಡಿಯಾರವನ್ನು ಮುಟ್ಟಲೇ ಇಲ್ಲ, ಪರದೆಯೂ ಒಂದು ಗಂಟೆಯನ್ನು ದಾಟಿತು. ಕೆಂಪನ್ನು ಇಟ್ಟು ಮುರಿಯುವುದಕ್ಕಿಂತ ಇಡದೆಯೇ ಇರುವುದು ಲೇಸೆಂದು ಆಗ ನಿರ್ಧರಿಸಿದೆವು, ಅದು ಸರಿಯಾಯಿತು. ಮರಳಿ ಇಟ್ಟ ಮೊದಲ ಸಂಜೆ ಸ್ವಲ್ಪ ಗೊಣಗಾಟವಾಯಿತೇ ಹೊರತು ರಚ್ಚೆಯಾಗಲಿಲ್ಲ.

ಮೂರರಿಂದ ಆರು ವರ್ಷದೊಳಗಿನ ಮಗುವಿದ್ದು, ಪರದೆ ಕೊಡುವುದಕ್ಕಿಂತ ಹಿಂದಕ್ಕೆ ಪಡೆಯುವುದೇ ಕಷ್ಟವಾಗಿರುವ ಮನೆಗೆ ಇದನ್ನು ನಾನು ಧೈರ್ಯವಾಗಿ ಶಿಫಾರಸು ಮಾಡುತ್ತೇನೆ. ದಿನಕ್ಕೆ ಇಷ್ಟೇ ಎಂದು ಮನೆಯ ದೊಡ್ಡವರು ಮೊದಲು ತಮ್ಮಲ್ಲಿ ಒಪ್ಪಂದಕ್ಕೆ ಬಂದಿರದ ಮನೆಗೆ ಶಿಫಾರಸು ಮಾಡುವುದಿಲ್ಲ, ಏಕೆಂದರೆ ಒಬ್ಬರು ಇಟ್ಟ ಕೆಂಪನ್ನು ಇನ್ನೊಬ್ಬರು ಬೆಳೆಸಿದರೆ ಮಗು ನಂಬುವುದಕ್ಕೆ ಏನೂ ಉಳಿಯುವುದಿಲ್ಲ. ಕೊಳ್ಳುವಾಗ ಮುಖಕ್ಕೆ ಪಾರದರ್ಶಕ ಮುಚ್ಚಳವಿರುವುದನ್ನೇ ಆರಿಸಿ, ಕೋಣೆಯ ಆ ತುದಿಯಿಂದ ಕಾಣುವಷ್ಟು ದೊಡ್ಡದಾಗಿರಲಿ, ಸದ್ದನ್ನು ನಿಲ್ಲಿಸುವ ಸ್ವಿಚ್ ಇದೆಯೇ ನೋಡಿಕೊಳ್ಳಿ, ಜೊತೆಗೆ ಹೊಸ ಸೆಲ್ ಒಂದನ್ನು ತೆಗೆದಿಟ್ಟುಕೊಳ್ಳಿ. ನಮ್ಮ ಅತ್ತೆಯವರು ಹಗಲಿನಲ್ಲಿ ಮಗುವನ್ನು ನೋಡಿಕೊಳ್ಳುವ ಕೋಣೆಗೆಂದು ನಾನು ಈಗ ಎರಡನೆಯದನ್ನು ತರಿಸುತ್ತಿದ್ದೇನೆ. ಈ ಬಾರಿ ಮುಚ್ಚಳವಿರುವುದನ್ನೇ.